ಹೆಪಟೈಟಿಸ್ ಸಿ ಬಂದಾಗ ಯಾವ ಡಾಕ್ಟರ್? ಒಂದು ಪ್ರಕರಣ

ಹೆಪಟೈಟಿಸ್ ಸಿ ಅಂತ ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ದೊಡ್ಡ ಲಿವರ್ ಡಾಕ್ಟರ್ ಯಾರಿದ್ದಾರೆ?" ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದಲ್ಲ. ಲಿವರ್ ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗದೆ ಯಾವ ಡಾಕ್ಟರ್ ಬೇಕು ಅಂತ ಹೇಳಲು ಬರುವುದಿಲ್ಲ. ಕೆಳಗಿನ ಪ್ರಕರಣ ನೋಡಿದರೆ ಅದು ಅರ್ಥವಾಗುತ್ತದೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಇದೇ ದಾರಿಯಲ್ಲಿ ನಡೆದ ಒಂದಕ್ಕಿಂತ ಹೆಚ್ಚು ಮಂದಿಯ ಅನುಭವವನ್ನು ಸೇರಿಸಿ ಒಬ್ಬರದಾಗಿ ಬರೆದಿದ್ದೇನೆ.

ಶುರುವಾಗಿದ್ದು ಹರ್ನಿಯಾದಿಂದ

ಅವರಿಗೆ 58 ವರ್ಷ. ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡುವ ರಕ್ತಪರೀಕ್ಷೆಯಲ್ಲಿ 'ಎಚ್‌ಸಿವಿ ಆ್ಯಂಟಿಬಾಡಿ: ರಿಯಾಕ್ಟಿವ್' ಅಂತ ಬಂತು. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್, ಆ್ಯಂಟಿಬಾಡಿ ಅಂದರೆ ಅದರ ವಿರುದ್ಧ ದೇಹ ತಯಾರಿಸುವ ಪ್ರೋಟೀನ್, ರಿಯಾಕ್ಟಿವ್ ಅಂದರೆ ಪಾಸಿಟಿವ್. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಸ್ವಲ್ಪ ಸುಸ್ತು ಇತ್ತು, ವಯಸ್ಸಾಯ್ತಲ್ಲ ಅಂದುಕೊಂಡಿದ್ದರು. ಸರ್ಜನ್ "ಮೊದಲು ಲಿವರ್ ತೋರಿಸಿಕೊಂಡು ಬನ್ನಿ" ಅಂದು ಫೈಲ್ ವಾಪಸ್ ಕೊಟ್ಟರು. ಎಲ್ಲಿ, ಯಾರಿಗೆ ತೋರಿಸಬೇಕು ಅಂತ ಹೇಳಲಿಲ್ಲ.

ರೋಗ ಎಲ್ಲಿಂದ ಬಂತು ಅನ್ನುವುದು ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಆಮೇಲೆ ನೆನಪಾಯಿತು: 1987ರಲ್ಲಿ ಅಪಘಾತವಾಗಿ ರಕ್ತ ಹಾಕಿಸಿಕೊಂಡಿದ್ದರು. ಈ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ಅಂದರೆ ಅವರಿಗೆ ರಕ್ತ ಕೊಟ್ಟ ದಿನ ಅದನ್ನು ಪರೀಕ್ಷೆ ಮಾಡುವ ದಾರಿಯೇ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಖಚಿತವಾಗಿ ಅದರಿಂದಲೇ ಬಂತು ಅಂತ ಯಾರೂ ಹೇಳಲಾರರು, ಆದರೆ ಇದ್ದ ಕಾರಣಗಳಲ್ಲಿ ಅದೇ ಹೆಚ್ಚು ಹೊಂದುತ್ತಿತ್ತು. ಈ ಒಂದು ನೆನಪಿನ ಬೆಲೆ ದೊಡ್ಡದು. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ ವೈರಸ್ ಒಳಗಿದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಇದೆ. ಈ ಸೋಂಕು ದೀರ್ಘಕಾಲ ಉಳಿದವರಲ್ಲಿ 20 ವರ್ಷದೊಳಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ತೀರಾ ಗಟ್ಟಿಯಾಗುವುದು) ಆಗುವ ಸಾಧ್ಯತೆ ಶೇ 15ರಿಂದ 30 ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ 'ಯಾವಾಗ ಬಂದಿರಬಹುದು' ಅಂತ ಕೇಳದ ಡಾಕ್ಟರ್ ಅರ್ಧ ಕಥೆ ಮಾತ್ರ ಕೇಳಿದ ಹಾಗೆ.

ಮೊದಲ ಡಾಕ್ಟರ್

ಮೊದಲು ಹೋದದ್ದು ಮನೆ ಡಾಕ್ಟರ್ ಹತ್ತಿರ. ಬಹಳ ವರ್ಷದ ಪರಿಚಯ. ಹಳೆಯ ರಿಪೋರ್ಟ್ ಎಲ್ಲ ಅವರ ಬಳಿ ಇದ್ದವು. ಅವರು ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಅನ್ನುವ ಲಿವರ್ ಕಿಣ್ವದ ಅಂಕಿ ನೋಡಿದರು, 39 ಇತ್ತು. "ನಾರ್ಮಲ್ ಇದೆ, ತಲೆ ಕೆಡಿಸಿಕೊಳ್ಳಬೇಡಿ" ಅಂದು ಒಂದು ಲಿವರ್ ಟಾನಿಕ್ ಬರೆದುಕೊಟ್ಟರು.

ಇಲ್ಲಿ ಎರಡು ವಿಷಯ ತಪ್ಪಿಹೋದವು. ಆ್ಯಂಟಿಬಾಡಿ ಪಾಸಿಟಿವ್ ಅಂದರೆ ವೈರಸ್ ಈಗ ಒಳಗಿದೆ ಅಂತಲೇ ಅಲ್ಲ. ಬಂದು ಹೋದವರ ಸಹಿ ರಿಜಿಸ್ಟರ್‌ನಲ್ಲಿ ಉಳಿದ ಹಾಗೆ, ವೈರಸ್ ಹೋದ ಮೇಲೂ ಆ್ಯಂಟಿಬಾಡಿ ಉಳಿಯುತ್ತದೆ. ಸೋಂಕು ತಗುಲಿದವರಲ್ಲಿ ಶೇ 15ರಿಂದ 45 ಜನರಿಗೆ ಮೊದಲ ಆರು ತಿಂಗಳಲ್ಲಿ ಚಿಕಿತ್ಸೆ ಇಲ್ಲದೆಯೇ ವೈರಸ್ ಹೋಗಿಬಿಡುತ್ತದೆ. ಈಗ ಇದೆಯೋ ಇಲ್ಲವೋ ಅಂತ ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಅದನ್ನು ಮಾಡಿಸಿ ಅಂತ ಅವರು ಹೇಳಲಿಲ್ಲ. ಎರಡನೆಯದು, ಎಸ್‌ಜಿಪಿಟಿ ನಾರ್ಮಲ್ ಇದ್ದೂ ಲಿವರ್ ಹಾಳಾಗಿರಬಹುದು. ಸಿರೋಸಿಸ್ ಇರುವವರಲ್ಲಿ ಅದು ನಾರ್ಮಲ್ ಬರುವುದು ಅಪರೂಪವೇನಲ್ಲ. ಇನ್ನು ಟಾನಿಕ್ ವಿಷಯ: ಯಾವ ಲಿವರ್ ಟಾನಿಕ್ಕೂ ಈ ವೈರಸ್ಸನ್ನು ತೆಗೆಯುವುದಿಲ್ಲ.

ಆ ಡಾಕ್ಟರನ್ನು ಸುಮ್ನೆ ದೂರುವುದು ನನಗೆ ಇಷ್ಟವಿಲ್ಲ. ಹಳೆಯ ರಿಪೋರ್ಟ್‌ಗಳನ್ನು ಜೋಪಾನವಾಗಿ ಇಟ್ಟಿದ್ದು ಅವರೇ. ಮುಂದೆ ಕೆಲಸಕ್ಕೆ ಬಂದದ್ದು ಅವೇ.

ಎರಡನೇ ಡಾಕ್ಟರ್

ಮಗಳಿಗೆ ಸಮಾಧಾನವಾಗಲಿಲ್ಲ. ಎಲ್ಲರನ್ನೂ ಕೇಳಿ, ಬಹಳ ಹೆಸರಿರುವ ಒಬ್ಬ ಲಿವರ್ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ವಾರಗಟ್ಟಲೆ ಕಾದರು. ಒಳಗೆ ಸಿಕ್ಕ ಸಮಯ ಕೆಲವೇ ನಿಮಿಷ.

ಡಾಕ್ಟರ್ ತಲೆ ಎತ್ತದೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ಕುಡಿತೀರಿ?" ಕುಡಿತೀರಾ ಅಂತ ಅಲ್ಲ, ಎಷ್ಟು ವರ್ಷದಿಂದ ಅಂತ. ಇವರು ಜೀವನದಲ್ಲಿ ಕುಡಿದವರಲ್ಲ. ಮಗಳ ಎದುರು ಆ ಪ್ರಶ್ನೆ ಬಂದಾಗ ಮುಖ ಸಣ್ಣದಾಯಿತು. ಆಮೇಲೆ ಕೇಳಿದ್ದಕ್ಕೆಲ್ಲ 'ಹೂಂ', 'ಇಲ್ಲ' ಎರಡೇ ಉತ್ತರ. 1987ರ ರಕ್ತದ ವಿಷಯ ಹೇಳಲೇ ಇಲ್ಲ. ಕುಡಿತದ ಬಗ್ಗೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಕುಡಿಯುವವರಿಗೂ ಈ ಚಿಕಿತ್ಸೆ ಕೊಡಬೇಕು, ಅದೇ ಕಾರಣಕ್ಕೆ ನಿರಾಕರಿಸಬಾರದು ಅನ್ನುವುದು ಈಗಿನ ಮಾರ್ಗಸೂಚಿ. ಆದರೆ ಕೇಳುವ ರೀತಿ ತಪ್ಪಿದರೆ ರೋಗಿ ಬಾಯಿ ಮುಚ್ಚುತ್ತಾನೆ, ಆಮೇಲೆ ಎಷ್ಟು ದೊಡ್ಡ ತಜ್ಞರಾದರೂ ಪ್ರಯೋಜನವಿಲ್ಲ.

ಅವರ ಜ್ಞಾನದಲ್ಲಿ ಕೊರತೆ ಇರಲಿಲ್ಲ, ಅದನ್ನೂ ಹೇಳಬೇಕು. ಆರ್‌ಎನ್‌ಎ ಪರೀಕ್ಷೆ ಬರೆದರು. ಫಲಿತಾಂಶ ಬಂತು: ಒಂದು ಮಿಲಿಲೀಟರ್‌ಗೆ 14 ಲಕ್ಷ ಯೂನಿಟ್. ಮನೆಯವರು ಲಕ್ಷದ ಲೆಕ್ಕ ನೋಡಿ ಗಾಬರಿಯಾದರು. ಈ ಅಂಕಿಗೂ ಲಿವರ್ ಎಷ್ಟು ಹಾಳಾಗಿದೆ ಅನ್ನುವುದಕ್ಕೂ ನೇರ ಸಂಬಂಧವಿಲ್ಲ ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಸಹಾಯಕರು ಈ ವೈರಸ್ ತೆಗೆಯುವ ಸೊಫೊಸ್‌ಬುವಿರ್ ಮತ್ತು ವೆಲ್‌ಪಟಾಸ್‌ವಿರ್ ಸೇರಿದ ಮಾತ್ರೆ ಬರೆದು, "ದಿನಕ್ಕೊಂದು, 12 ವಾರ, ಮುಗಿದ ಮೇಲೆ ಬನ್ನಿ" ಅಂದರು. ಮಧ್ಯೆ ಏನಾದರೂ ಆದರೆ? "ಎಮರ್ಜೆನ್ಸಿಗೆ ಬನ್ನಿ."

ಔಷಧಿ ಅಂಗಡಿಯ ಕೌಂಟರ್

ಈ ಪ್ರಕರಣ ತಿರುಗಿದ್ದು ಡಾಕ್ಟರ್ ಕೋಣೆಯಲ್ಲಲ್ಲ, ಔಷಧಿ ಅಂಗಡಿಯಲ್ಲಿ. ಚೀಟಿ ನೋಡಿದ ಫಾರ್ಮಸಿಸ್ಟ್ ಡಬ್ಬಿ ತೆಗೆಯುವ ಮೊದಲು ಕೇಳಿದರು:

"ಇದರ ಜೊತೆ ಬೇರೆ ಏನೇನು ಮಾತ್ರೆ ತಗೊಳ್ತಾರೆ?"

"ಬಿಪಿಗೆ ಒಂದು, ಕೊಲೆಸ್ಟ್ರಾಲ್‌ಗೆ ಒಂದು. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ."

"ಗ್ಯಾಸ್ ಮಾತ್ರೆ ಯಾವುದು?"

"ಒಮೆಪ್ರಜೋಲ್."

"ದಿನಾ?"

"ದಿನಾ. ವರ್ಷಗಟ್ಟಲೆ ಆಯ್ತು."

ಫಾರ್ಮಸಿಸ್ಟ್ ಚೀಟಿ ವಾಪಸ್ ಕೊಟ್ಟು, "ಇದನ್ನ ಡಾಕ್ಟರಿಗೆ ಒಂದು ಸಲ ಹೇಳಿ ಬನ್ನಿ" ಅಂದರು. ಕಾರಣ ಸರಳ. ವೆಲ್‌ಪಟಾಸ್‌ವಿರ್ ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು. ಒಮೆಪ್ರಜೋಲ್ ಥರದ ಮಾತ್ರೆ ಆಮ್ಲ ಕಡಿಮೆ ಮಾಡುವುದಕ್ಕೇ ಇರುವುದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ವೈರಸ್ ಔಷಧಿ ಸಾಕಷ್ಟು ಸೇರದೆ, 12 ವಾರ ನುಂಗಿದ ಮೇಲೂ ವೈರಸ್ ಉಳಿಯುವ ಅಪಾಯ ಇದೆ. ಮಗಳು ತಜ್ಞರ ಆಸ್ಪತ್ರೆಗೆ ಫೋನ್ ಮಾಡಿದರು. ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ಮತ್ತೆ ವಾರಗಟ್ಟಲೆ ದೂರ.

ಆಗ ಆಕೆ ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ವಾಪಸ್ ಅದೇ ಅಂಗಡಿಗೆ ಹೋಗಿ, "ಈ ಮಾತ್ರೆ ಬರೆಯುವ ಡಾಕ್ಟರ್‌ಗಳಲ್ಲಿ, ನೀವು ಫೋನ್ ಮಾಡಿದರೆ ಎತ್ತುವವರು ಯಾರು?" ಅಂತ ಕೇಳಿದರು. ಹೆಸರು, ಬೋರ್ಡು, ಡಿಗ್ರಿ ಇವುಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಇದನ್ನು ಯಾರೂ ಕೇಳುವುದಿಲ್ಲ. ಫಾರ್ಮಸಿಸ್ಟ್, ಡಯಾಲಿಸಿಸ್ ಘಟಕದ ನರ್ಸ್, ಎಚ್‌ಐವಿ ಕ್ಲಿನಿಕ್‌ನ ಆಪ್ತಸಮಾಲೋಚಕರು, ಇವರಿಗೆ ಹೆಪಟೈಟಿಸ್ ಸಿ ರೋಗಿಗಳನ್ನು ನಿಜವಾಗಿ ನೋಡುವವರು ಯಾರು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಫಾರ್ಮಸಿಸ್ಟ್ ಹೇಳಿದ ಹೆಸರು ಲಿವರ್ ತಜ್ಞರದ್ದಲ್ಲ. ಸೋಂಕು ರೋಗಗಳಲ್ಲಿ ತರಬೇತಿ ಪಡೆದ ಒಬ್ಬ ಫಿಸಿಶಿಯನ್.

ಲಿವರ್ ತಜ್ಞರಲ್ಲದವರು ಸಾಕಾ?

ಮನೆಯಲ್ಲಿ ಎದ್ದ ಪ್ರಶ್ನೆ ಇದೇ. "ಲಿವರ್ ರೋಗಕ್ಕೆ ಫಿಸಿಶಿಯನ್ ಹತ್ತಿರ ಹೋಗೋದಾ?" ಅನುಮಾನಕ್ಕೆ ಹಿನ್ನೆಲೆ ಇದೆ. ಹಿಂದೆ ಇದಕ್ಕೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ಮಾತ್ರೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಹತ್ತಿರ. ಜ್ವರ, ಮೈಕೈ ನೋವು, ಖಿನ್ನತೆ, ರಕ್ತಹೀನತೆ. ಅಷ್ಟೆಲ್ಲ ಮಾಡಿ ಗುಣವಾಗುತ್ತಿದ್ದದ್ದು ಸುಮಾರು ಅರ್ಧ ಜನಕ್ಕೆ. ಅಂಥ ಚಿಕಿತ್ಸೆಗೆ ತಜ್ಞರು ಬೇಕೇ ಬೇಕಿತ್ತು. 2013ರ ಕೊನೆಗೆ ಸೊಫೊಸ್‌ಬುವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಬಂದ ಮಾತ್ರೆಗಳಿಂದ ಲೆಕ್ಕವೇ ಬದಲಾಯಿತು. ಈಗ ಬಹುಪಾಲು ಜನರಿಗೆ ದಿನಾ ಮಾತ್ರೆ, 8 ಅಥವಾ 12 ವಾರ, ಶೇ 95ಕ್ಕಿಂತ ಜಾಸ್ತಿ ಜನಕ್ಕೆ ಗುಣ.

ಕುತೂಹಲದ ವಿಷಯ ಅಂದರೆ, ಕಷ್ಟದ ಇಂಟರ್‌ಫೆರಾನ್ ಕಾಲದಲ್ಲೂ ತಜ್ಞರೇ ಬೇಕು ಅನ್ನುವ ನಂಬಿಕೆ ಪೂರ್ತಿ ನಿಂತಿರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಲಿವರ್ ತಜ್ಞ ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೋ ಶುರು ಮಾಡಿದರು. ಹಳ್ಳಿಗಾಡಿನ ಸಾಮಾನ್ಯ ವೈದ್ಯರ ಜೊತೆ ವಿಡಿಯೊದಲ್ಲಿ ಒಂದೊಂದೇ ಕೇಸ್ ಚರ್ಚಿಸಿ, ಚಿಕಿತ್ಸೆಯನ್ನು ಅವರಿಂದಲೇ ಕೊಡಿಸಿದರು. 407 ರೋಗಿಗಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ಗುಣವಾದವರು ಶೇ 57.5, ಹಳ್ಳಿಗಾಡಿನ ಮತ್ತು ಜೈಲಿನ ಕ್ಲಿನಿಕ್‌ಗಳಲ್ಲಿ ಶೇ 58.2. ವ್ಯತ್ಯಾಸವೇ ಇಲ್ಲ ಅನ್ನಬಹುದು, ಅಲ್ವಾ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ತರಬೇತಿ ಪಡೆದ ಸಾಮಾನ್ಯ ವೈದ್ಯರು ಮತ್ತು ನರ್ಸ್‌ಗಳು ಈ ಚಿಕಿತ್ಸೆ ಕೊಡಬಹುದು ಅಂತ ಶಿಫಾರಸು ಮಾಡಿತು.

ಆದರೂ ಮಗಳು ಹೋಗುವ ಮೊದಲು ಆ ಕ್ಲಿನಿಕ್‌ಗೆ ಫೋನ್ ಮಾಡಿ ನರ್ಸನ್ನು ವಿಚಾರಿಸಿದರು. ಹೆಪಟೈಟಿಸ್ ಸಿ ರೋಗಿಗಳನ್ನು ಡಾಕ್ಟರ್ ಆಗಾಗ ನೋಡುತ್ತಾರಾ? ಮಧ್ಯೆ ಸಂದೇಹ ಬಂದರೆ ಯಾರಿಗೆ ಕೇಳಬೇಕು? ಮಾತ್ರೆ ಮುಗಿದ ಮೇಲೆ ಯಾವಾಗ ಪರೀಕ್ಷೆ ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ನರ್ಸ್ ತಡೆಯದೆ, "ಮುಗಿದು 12 ವಾರ ಆದ ಮೇಲೆ ಆರ್‌ಎನ್‌ಎ" ಅಂದರು. ಆ ಉತ್ತರ ಡಾಕ್ಟರ್ ಬಾಯಿಂದಲ್ಲ, ನರ್ಸ್ ಬಾಯಿಂದ ಬಂತು ಅನ್ನುವುದೇ ಸಾಕಾಗಿತ್ತು. ಅಲ್ಲಿ ಈ ಕೆಲಸ ದಿನಾ ನಡೆಯುತ್ತದೆ ಅಂತ ಅರ್ಥ.

ಮೂರನೇ ಡಾಕ್ಟರ್

"ಮನೆಯಲ್ಲಿರುವ ಎಲ್ಲ ಔಷಧಿ ಚೀಲದಲ್ಲಿ ಹಾಕಿಕೊಂಡು ಬನ್ನಿ" ಅಂತ ಮೊದಲೇ ಹೇಳಿದ್ದರು. ಡಾಕ್ಟರ್ ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೂ ಓದಿದರು. ಟಾನಿಕ್ ಬಾಟಲಿ ಕೂಡ. "ಇದರಲ್ಲಿ ಏನಿದೆ ಅಂತ ಪೂರ್ತಿ ಬರೆದಿಲ್ಲ. ಚಿಕಿತ್ಸೆ ಮುಗಿಯೋವರೆಗೂ ಬೇಡ" ಅಂದು ಬದಿಗಿಟ್ಟರು. ಹೃದಯದ ಬಡಿತಕ್ಕೆ ಅಮಿಯೊಡಾರೋನ್ ಯಾವತ್ತಾದರೂ ತಗೊಂಡಿದ್ದೀರಾ ಅಂತ ಕೇಳಿದರು, ಯಾಕೆಂದರೆ ಸೊಫೊಸ್‌ಬುವಿರ್ ಜೊತೆ ಅದು ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ನಿಧಾನವಾಗಬಹುದು. ಮೂರ್ಛೆ ರೋಗದ ಮಾತ್ರೆ, ಕ್ಷಯದ ಮಾತ್ರೆ ಇದೆಯಾ ಅಂತಲೂ ಕೇಳಿದರು. ಫೆನಿಟಾಯಿನ್, ಕಾರ್ಬಮಜೆಪಿನ್, ರಿಫಾಂಪಿಸಿನ್ ಇವು ವೈರಸ್ ಔಷಧಿಯ ಬಲವನ್ನೇ ಇಳಿಸುತ್ತವೆ. ಯಾವುದೂ ಇರಲಿಲ್ಲ. ಒಮೆಪ್ರಜೋಲ್ ನಿಲ್ಲಿಸಿದರು. ಎದೆಯುರಿ ಬಂದರೆ ಸಾಮಾನ್ಯ ಆ್ಯಂಟಾಸಿಡ್ ತಗೊಳ್ಳಿ, ಆದರೆ ವೈರಸ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ ಅಂದರು.

ಆಮೇಲೆ ಹಳೆಯ ರಿಪೋರ್ಟ್ ಕೇಳಿದರು. ಅಲ್ಲಿಯವರೆಗೆ ಯಾರೂ ಗಮನಿಸದ ಒಂದು ಅಂಕಿ ಅದರಲ್ಲಿತ್ತು: ಪ್ಲೇಟ್‌ಲೆಟ್. ನಾಲ್ಕೈದು ವರ್ಷದಲ್ಲಿ ಮೆಲ್ಲಗೆ ಇಳಿಯುತ್ತಾ ಬಂದು ಈಗ 1,18,000ಕ್ಕೆ ನಿಂತಿತ್ತು. ಡಾಕ್ಟರ್ ರಿಪೋರ್ಟ್ ಹಿಂಬದಿಯಲ್ಲೇ ಪೆನ್ನಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ವಯಸ್ಸು 58, ಎಸ್‌ಜಿಒಟಿ (ಇನ್ನೊಂದು ಲಿವರ್ ಕಿಣ್ವ) 52, ಗುಣಿಸಿದರೆ 3016. ಕೆಳಗೆ ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ 118, ಅದಕ್ಕೆ ಎಸ್‌ಜಿಪಿಟಿ 39ರ ವರ್ಗಮೂಲ ಗುಣಿಸಿ, ಸುಮಾರು 737. ಭಾಗಿಸಿದರೆ 4.1. ಇದಕ್ಕೆ ಫಿಬ್-4 ಅನ್ನುತ್ತಾರೆ. 1.45ಕ್ಕಿಂತ ಕಡಿಮೆ ಇದ್ದರೆ ಲಿವರ್ ತೀರಾ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, 3.25 ದಾಟಿದರೆ ಜಾಸ್ತಿ. ಹೊಸ ಪರೀಕ್ಷೆ ಬೇಡ, ಖರ್ಚಿಲ್ಲ. ಆ 'ನಾರ್ಮಲ್' ಎಸ್‌ಜಿಪಿಟಿ ಇದೇ ಲೆಕ್ಕದ ಒಳಗೇ ಇತ್ತು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರು. 15 ಕಿಲೊಪಾಸ್ಕಲ್. ಹೆಪಟೈಟಿಸ್ ಸಿ ಇರುವವರಲ್ಲಿ 12.5 ದಾಟಿದರೆ ಸಿರೋಸಿಸ್ ಅಂತಲೇ ಹಿಡಿದು ಮುಂದುವರಿಯುವುದು ವಾಡಿಕೆ. ಹೊಟ್ಟೆಯಲ್ಲಿ ನೀರಿಲ್ಲ, ಬುದ್ಧಿಗೆ ಗೊಂದಲ ಇಲ್ಲ, ಲಿವರ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ ಎಲ್ಲ ಸರಿಯಿದ್ದವು. ಅಂದರೆ ಲಿವರ್ ಗಟ್ಟಿಯಾಗಿದೆ, ಆದರೆ ಕೆಲಸ ನಿಭಾಯಿಸುತ್ತಿದೆ.

ಹೆಪಟೈಟಿಸ್ ಬಿ ಪರೀಕ್ಷೆ ಕೂಡ ಮಾಡಿಸಿದರು. ಸಿ ವೈರಸ್ ಹೋಗುವಾಗ ಅಡಗಿರುವ ಬಿ ವೈರಸ್ ಎದ್ದುಬಿಡಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಮಾತ್ರೆಗಳ ಲೇಬಲ್‌ನಲ್ಲೇ ಈ ಎಚ್ಚರಿಕೆ ಹಾಕಿಸಿತು. ಇವರಿಗೆ ಸರ್ಫೇಸ್ ಆ್ಯಂಟಿಜೆನ್ ನೆಗೆಟಿವ್, ಕೋರ್ ಆ್ಯಂಟಿಬಾಡಿ ಪಾಸಿಟಿವ್. ಅಂದರೆ ಬಿ ವೈರಸ್ ಹಳೆಯ ಕಾಲದಲ್ಲಿ ಬಂದು ಹೋಗಿದೆ. ಔಷಧಿ ಬೇಡ, ಮಧ್ಯೆ ಎಸ್‌ಜಿಪಿಟಿ ನೋಡುತ್ತಿರೋಣ ಅಂದರು.

ಕುಡಿತದ ಪ್ರಶ್ನೆ ಇಲ್ಲೂ ಬಂತು. "ಇದನ್ನ ಎಲ್ಲರಿಗೂ ಕೇಳ್ತೀನಿ" ಅಂತ ಶುರು ಮಾಡಿದರು, ಅಷ್ಟೇ ವ್ಯತ್ಯಾಸ. ರಕ್ತದ ವಿಷಯ ಅಪ್ಪ ತಾವಾಗೇ ಹೇಳಿದರು.

ಎಲ್ಲ ನೋಡಿ ಡಾಕ್ಟರ್ ಹೇಳಿದ್ದು ಹೀಗೆ: "ವೈರಸ್ ತೆಗೆಯೋದು ನಾನು ಮಾಡ್ತೀನಿ. ಆದರೆ ಸಿರೋಸಿಸ್ ಇದೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದೆ. ಎಂಡೋಸ್ಕೋಪಿ ಆಗಬೇಕು, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕು. ಅದಕ್ಕೆ ಗ್ಯಾಸ್ಟ್ರೋ ಡಾಕ್ಟರ್ ಬೇಕು. ನಾನೇ ಪತ್ರ ಬರೆದುಕೊಡ್ತೀನಿ." ಆ ಪತ್ರದಲ್ಲಿ ಫೈಬ್ರೋಸ್ಕ್ಯಾನ್ ಅಂಕಿ, ಮಾತ್ರೆಗಳ ಪಟ್ಟಿ, ಚಿಕಿತ್ಸೆ ಶುರುವಾಗುವ ದಿನಾಂಕ ಎಲ್ಲ ಇತ್ತು. ಹಾಗಾಗಿ ಸರಿಯಾದ ಡಾಕ್ಟರ್ ಒಬ್ಬರಲ್ಲ, ಇಬ್ಬರು ಅಂತಾಯಿತು. ಎರಡನೇ ಡಾಕ್ಟರ್ ಬರೆದಿದ್ದ ಮಾತ್ರೆಯನ್ನೇ ಇವರೂ ಬರೆದರು ಅನ್ನುವುದನ್ನು ಗಮನಿಸಿ. ಬದಲಾದದ್ದು ಅದರ ಸುತ್ತ ನಡೆದ ಕೆಲಸ.

ಚಿಕಿತ್ಸೆ ಮತ್ತು ಆಮೇಲೆ

ಚಿಕಿತ್ಸೆ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೊದಲ ವಾರ ತಲೆನೋವು, ಸ್ವಲ್ಪ ಆಯಾಸ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಅಪಾಯದ ಮಟ್ಟಕ್ಕೆ ಉಬ್ಬಿರಲಿಲ್ಲ. ಮನೆಯವರ ರಕ್ತಪರೀಕ್ಷೆ ನೆಗೆಟಿವ್ ಬಂತು. ಒಟ್ಟಿಗೆ ಊಟ ಮಾಡಿದರೆ, ತಟ್ಟೆ ಲೋಟ ಹಂಚಿಕೊಂಡರೆ ಇದು ಬರುವುದಿಲ್ಲ. ರೇಜರ್, ಟೂತ್‌ಬ್ರಷ್ ಮಾತ್ರ ಬೇರೆ ಇರಲಿ ಅಂದಿದ್ದರು. ಮಾತ್ರೆ ಮುಗಿದು 12 ವಾರದ ಮೇಲೆ ಆರ್‌ಎನ್‌ಎ ಪತ್ತೆಯಾಗಲಿಲ್ಲ. ವೈದ್ಯರು ಇದನ್ನೇ ಗುಣ ಅನ್ನುತ್ತಾರೆ.

ಈ ಹಂತದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಆ್ಯಂಟಿಬಾಡಿ ಪರೀಕ್ಷೆ ಮುಂದೆಯೂ ಪಾಸಿಟಿವ್ ಬರುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಆರ್‌ಎನ್‌ಎ ನೆಗೆಟಿವ್ ರಿಪೋರ್ಟ್ ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮತ್ತೆ ಸೋಂಕು ತಗುಲದಂತೆ ತಡೆಯುವ ಶಕ್ತಿ ಆ ಆ್ಯಂಟಿಬಾಡಿಗೆ ಇಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಎರಡನೆಯದು ಇನ್ನೂ ಮುಖ್ಯ: ವೈರಸ್ ಹೋದರೂ ಸಿರೋಸಿಸ್ ಇದ್ದವರಿಗೆ ಲಿವರ್ ಕ್ಯಾನ್ಸರ್‌ನ ಅಪಾಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. 'ಗುಣವಾಯಿತಲ್ಲ' ಅಂತ ಸ್ಕ್ಯಾನ್ ಬಿಡುವವರು ತುಂಬಾ ಜನ. ಇಲ್ಲಿ ಗ್ಯಾಸ್ಟ್ರೋ ಡಾಕ್ಟರ್ ಅದನ್ನು ತಮ್ಮ ಜವಾಬ್ದಾರಿಗೆ ತೆಗೆದುಕೊಂಡರು. ಆರು ತಿಂಗಳಾದಾಗ ಅವರ ಕ್ಲಿನಿಕ್‌ನಿಂದಲೇ ಫೋನ್ ಬರುತ್ತದೆ.

ಈ ದಾರಿ ಎಲ್ಲರಿಗೂ ಅಲ್ಲ

ಇದೇ ಮನುಷ್ಯ ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕಣ್ಣು ಹಳದಿಯಾಗಿ, ರಕ್ತ ವಾಂತಿ ಮಾಡಿಕೊಂಡು ಅಥವಾ ಮಾತು ತಡವರಿಸುತ್ತಾ ಬಂದಿದ್ದರೆ ಫಿಸಿಶಿಯನ್ ಹತ್ತಿರ ಶುರು ಮಾಡುವ ಪ್ರಶ್ನೆಯೇ ಇರಲಿಲ್ಲ. ಆ ಹಂತದಲ್ಲಿ ಹೆಪಟೈಟಿಸ್ ಸಿ ಔಷಧಿಗಳಲ್ಲೇ ಗ್ಲೆಕಾಪ್ರೆವಿರ್ ಥರದ ಒಂದು ಗುಂಪನ್ನು ಕೊಡಲೇಬಾರದು. ರಿಬಾವಿರಿನ್ ಸೇರಿಸಬೇಕೋ, ಅವಧಿ 24 ವಾರಕ್ಕೆ ಏರಿಸಬೇಕೋ, ಮೊದಲು ಲಿವರ್ ಕಸಿ ಮಾಡಿ ಆಮೇಲೆ ವೈರಸ್ ತೆಗೆಯಬೇಕೋ ಅಂತ ತೂಗಿ ನೋಡುವುದು ಕಸಿ ಸೌಲಭ್ಯ ಇರುವ ಕೇಂದ್ರದ ಕೆಲಸ. ಹೆಪಟೈಟಿಸ್ ಬಿ ಈಗಲೂ ಸಕ್ರಿಯವಾಗಿರುವವರು, ಲಿವರ್‌ನಲ್ಲಿ ಗಡ್ಡೆ ಇರುವವರು, ಕಸಿ ಆದವರು, ಗರ್ಭಿಣಿಯರು ನೇರವಾಗಿ ತಜ್ಞರ ಬಳಿಯೇ ಹೋಗಬೇಕು.

ಹಿಂದೆ ಒಮ್ಮೆ ಮಾತ್ರೆ ಮುಗಿಸಿಯೂ ವೈರಸ್ ಉಳಿದವರದ್ದು ಬೇರೆಯೇ ಕಥೆ. ಅವರಿಗೆ ಸೊಫೊಸ್‌ಬುವಿರ್, ವೆಲ್‌ಪಟಾಸ್‌ವಿರ್ ಜೊತೆ ವೊಕ್ಸಿಲಾಪ್ರೆವಿರ್ ಸೇರಿದ ಮಾತ್ರೆಯಂಥ ಆಯ್ಕೆಗಳಿವೆ. ಆದರೆ ಮೊದಲ ಸಲ ಯಾವ ಔಷಧಿ, ಎಷ್ಟು ವಾರ, ಮಧ್ಯೆ ಎಷ್ಟು ದಿನ ತಪ್ಪಿತು ಅನ್ನುವುದು ಗೊತ್ತಿಲ್ಲದೆ ತಜ್ಞರೂ ಕೈಕಟ್ಟಿ ಕೂರಬೇಕಾಗುತ್ತದೆ. ಹೋಗುವಾಗ ಹಳೆಯ ಚೀಟಿ, ಔಷಧಿ ಬಿಲ್, ಆಗಿನ ಆರ್‌ಎನ್‌ಎ ರಿಪೋರ್ಟ್ ಏನಿದೆಯೋ ಎಲ್ಲ ತೆಗೆದುಕೊಂಡು ಹೋಗಿ. ಚೀಟಿ ಕಳೆದಿದ್ದರೆ ಮಾತ್ರೆ ಕೊಂಡ ಅಂಗಡಿಯಲ್ಲಿ ಹಳೆಯ ಬಿಲ್ ಕೇಳಿ ನೋಡಿ.